ಡಿಮ್ಮರ್ ರಾಯರು

ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬ ಡಿಮ್ಮರ್ ರಾಯರಿರುತ್ತಾರೆ. ನಮ್ಮಲ್ಲಿ ಅಂಥವರಿಲ್ಲ ಅನ್ನುವವರು ರಾತ್ರಿ ಊಟವಾದ ಮೇಲೆ ಕೆಳಗಿಳಿದು ಒಮ್ಮೆ ತಲೆಯೆತ್ತಿ ನೋಡಿ. ಯಾವ ಮನೆಯ ಕಿಟಕಿ ಒಮ್ಮೆ ಝಗ್ ಎಂದು ಬೆಳಗಿ, ಒಮ್ಮೆ ಮಂಕಾಗಿ, ನಡುನಡುವೆ ಪಟಪಟನೆ ಮಿಟುಕುತ್ತದೋ ಅದೇ ಅವರ ಮನೆ. ಬ್ಯಾಂಕಿನಿಂದ ನಿವೃತ್ತರಾದವರಿರಬಹುದು, ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರೂ ಇರಬಹುದು. ವಯಸ್ಸು, ಸಂಬಳ, ಗೋತ್ರ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಗೋಡೆಯ ಮೇಲಿನ ಸ್ವಿಚ್ಚನ್ನು ಬೆರಳಿನಿಂದ ಒತ್ತುವುದು ಅವಮಾನ ಎಂದು ಅವರು ನಂಬಿರುತ್ತಾರೆ. ಗುರುತು ಹಿಡಿಯಲು ಅದೊಂದೇ ಲಕ್ಷಣ ಸಾಕು.

ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಬೆಳಕಿನ ಪ್ರದರ್ಶನ. “ಕೂತ್ಕೊಳ್ಳಿ, ಒಂದ್ನಿಮಿಷ” ಎಂದು ಮೊಬೈಲ್ ತೆಗೆಯುತ್ತಾರೆ. ಅರ್ಧ ನಿಮಿಷ ಕನ್ನಡಕ ಹುಡುಕಲು, ಇನ್ನರ್ಧ ಆ್ಯಪ್ ತೆರೆಯಲು. “ಈಗ ನೋಡಿ, ನಲವತ್ತು ಪರ್ಸೆಂಟು.” ದೀಪಕ್ಕೆ ಕೇಳಿಸಿದ ಹಾಗಿಲ್ಲ. “ಈಗ ಇಪ್ಪತ್ತು.” ದೀಪ ಗುಂಯ್ ಎನ್ನುತ್ತದೆ. “ಹತ್ತು.” ಪಟ್ಟನೆ ಆರುತ್ತದೆ. ಕತ್ತಲಲ್ಲಿ ರಾಯರ ಧ್ವನಿ: “ಫರ್ಮ್‌ವೇರ್ ಅಪ್‌ಡೇಟ್ ಆಗ್ಬೇಕು ಅನ್ಸತ್ತೆ.” ಅಡುಗೆಮನೆ ಕಡೆಯಿಂದ ಇನ್ನೊಂದು ಧ್ವನಿ: “ರೀ, ಲೋಟ ಎಲ್ಲಿಡ್ಲಿ? ಟೀಪಾಯಿ ಕಾಣಿಸ್ತಿಲ್ಲ.”

ಫರ್ಮ್‌ವೇರ್ ಎಂಬುದು ರಾಯರಿಗೆ ಗ್ರಹಚಾರದ ಆಧುನಿಕ ಹೆಸರು. ದೀಪ ಮಿಟುಕಿದರೂ ಫರ್ಮ್‌ವೇರ್, ಹತ್ತದಿದ್ದರೂ ಫರ್ಮ್‌ವೇರ್. ತಪ್ಪು ತಂತಿಯಲ್ಲಿರಬಹುದು, ಬಲ್ಬಿನಲ್ಲಿರಬಹುದು ಎಂದು ಯಾರಾದರೂ ಅಂದರೆ ಮರುಕದಿಂದ ನಗುತ್ತಾರೆ. ಆಮೇಲೆ ಭಾಷಣ ಶುರು: “ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತಯಾರಾಯ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನಾವು ಇನ್ನೂ ಟಕ್ ಟಕ್ ಅಂತ ಸ್ವಿಚ್ಚು ಒತ್ಕೊಂಡು ಕೂತಿದೀವಿ.” ಮೂಲೆಯ ಕುರ್ಚಿಯಿಂದ ಅವರ ತಾಯಿ ಹೇಳುತ್ತಾರೆ: “ಒತ್ತಿದ್ರೆ ಹತ್ತುತ್ತಿತ್ತಲ್ಲಪ್ಪ.”

ರಾಯರ ದೀಪಪುರಾಣದಲ್ಲಿ ಮೊದಲ ಕಾಂಡ ಮಾಮೂಲಿ ಬಲ್ಬಿನದು. ಮನೆಯಲ್ಲಿದ್ದ 9 ವ್ಯಾಟಿನ ಎಲ್‌ಇಡಿಗಳಿಗೇ ಸ್ಮಾರ್ಟ್ ಡಿಮ್ಮರ್ ಹಾಕಿಸಿದರು. ಡಿಮ್ಮರ್ ಕರೆಂಟನ್ನು ನಲ್ಲಿ ತಿರುಗಿಸಿ ಸಣ್ಣದು ಮಾಡುವುದಿಲ್ಲ, ಕತ್ತರಿಸುತ್ತದೆ. ನಮ್ಮ ಮನೆಗೆ ಬರುವುದು 50 ಹರ್ಟ್ಸ್ ಕರೆಂಟು. ಅಂದರೆ ಅದರ ಅಲೆ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಡಿಮ್ಮರ್ ಪ್ರತಿ ಸಲವೂ ಒಂದಿಷ್ಟು ಭಾಗವನ್ನು ಕತ್ತರಿಸಿ ಉಳಿದದ್ದನ್ನು ಬಿಡುತ್ತದೆ. ಹಳೆಯ ತಂತಿ ಬಲ್ಬು ದಪ್ಪ ಚರ್ಮದ್ದು. ಕಾದ ತಂತಿ ಅಷ್ಟರಲ್ಲಿ ಆರುವುದಿಲ್ಲವಾದ್ದರಿಂದ ಅದು ಗೊಣಗದೆ ಮಂದವಾಗುತ್ತಿತ್ತು. ಎಲ್‌ಇಡಿಯ ಹೊಟ್ಟೆಯಲ್ಲಿ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟು ಇರುತ್ತದೆ. ಮಂದವಾಗುವುದನ್ನು ಅದಕ್ಕೆ ಕಲಿಸಿರದಿದ್ದರೆ, ಅರೆಬರೆ ಅಲೆ ಸಿಕ್ಕಿದೊಡನೆ ಒಮ್ಮೆ ಎಚ್ಚರವಾಗುತ್ತದೆ, ಒಮ್ಮೆ ಮಲಗುತ್ತದೆ. ಸತ್ಯನಾರಾಯಣ ಪೂಜೆಯ ದಿನ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ರಾಯರ ಹಾಲು ಡಿಸ್ಕೋ ಆದದ್ದು ಹೀಗೆ. ಮಕ್ಕಳು ಚಪ್ಪಾಳೆ ತಟ್ಟಿದರು. ಪುರೋಹಿತರು ಕಣ್ಣು ಮುಚ್ಚಿಕೊಂಡರು, ಭಕ್ತಿಯಿಂದಲ್ಲ.

ಎರಡನೆಯದು ಡಿಮ್ಮಬಲ್ ಕಾಂಡ. ಡಬ್ಬದ ಮೇಲೆ ‘ಡಿಮ್ಮಬಲ್’ ಎಂದು ಅಚ್ಚಾದ 7 ವ್ಯಾಟಿನ ನಾಲ್ಕು ಬಲ್ಬುಗಳನ್ನು ಹೆಚ್ಚು ದುಡ್ಡು ಕೊಟ್ಟು ತಂದರು. ಮಿಟುಕುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ರಾಯರು ರೂಟರನ್ನು ಬದಲಿಸಿದರು. ಆ್ಯಪ್ ಅಳಿಸಿ ಮತ್ತೆ ಹಾಕಿದರು. ಮಗ ವೈಫೈ ಪಾಸ್‌ವರ್ಡ್ ಬದಲಿಸಿ ದೀಪಗಳೆಲ್ಲ ಅನಾಥವಾದಾಗ ರಾತ್ರಿಯೆಲ್ಲ ಕೂತು ಒಂದೊಂದನ್ನೇ ಮತ್ತೆ ಸಂಪರ್ಕಕ್ಕೆ ತಂದರು. ಡಿಮ್ಮರಿನ ಮೈಮೇಲೆ ಸಣ್ಣ ಅಕ್ಷರದಲ್ಲಿದ್ದ ಸಾಲನ್ನು ಮಾತ್ರ ಓದಲಿಲ್ಲ: ಕನಿಷ್ಠ ಲೋಡ್ 40 ವ್ಯಾಟ್.

ಅದನ್ನು ಓದಿದವನು ಎಲೆಕ್ಟ್ರಿಷಿಯನ್ ಹುಡುಗ. ಅವನನ್ನು ಕರೆಸಿದ್ದು ಮನೆಯಾಕೆ, ರಾಯರು ವಾಕಿಂಗ್ ಹೋಗಿದ್ದಾಗ. ಅವರು ತಿರುಗಿ ಬರುವಷ್ಟರಲ್ಲಿ ಹುಡುಗ ಸ್ಟೂಲ್ ಹತ್ತಿ, ನಾಲ್ಕರಲ್ಲಿ ಒಂದು ಬಲ್ಬನ್ನು ಹೋಲ್ಡರಿನಿಂದ ಒತ್ತಿ ತಿರುಗಿಸಿ ತೆಗೆದಿದ್ದ. ಆ ಜಾಗಕ್ಕೆ ಚೀಲದಿಂದ 60 ವ್ಯಾಟಿನ ಹಳೇ ಗುಂಡು ಬಲ್ಬೊಂದನ್ನು ಸಿಕ್ಕಿಸಿದ. “ಈಗ ಇಳ್ಸಿ ಸಾರ್.” ರಾಯರು ಆ್ಯಪಿನಲ್ಲಿ ಬೆರಳೆಳೆದರು. ನಾಲ್ಕೂ ದೀಪ ಸದ್ದಿಲ್ಲದೆ, ಮಿಟುಕದೆ, ಮೆಲ್ಲಗೆ ಇಳಿದವು. “ಡಿಮ್ಮರ್ ಚೆನ್ನಾಗೈತೆ, ಬಲ್ಬೂ ಚೆನ್ನಾಗೈತೆ. ಇದಕ್ಕೆ ನಲವತ್ತು ವ್ಯಾಟ್ ಬೇಕು, ನಿಮ್ಮ ನಾಲ್ಕೂ ಸೇರಿದ್ರೆ ಇಪ್ಪತ್ತೆಂಟೇ. ಎಲ್‌ಇಡಿಗೆ ಅಂತಾನೇ ಬರೋ ಡಿಮ್ಮರ್ ತಂದ್ಬಿಡಿ ಸಾರ್.” ತಾವು ವಾರಗಟ್ಟಲೆ ಹುಡುಕಿದ ಉತ್ತರ ಮಗ್ಗಿಯಲ್ಲಿ ಸಿಕ್ಕಿತಲ್ಲ ಎಂದು ರಾಯರಿಗೆ ಮುಖಭಂಗ. “ಅದೂ ಒಂದು ಪಾಸಿಬಿಲಿಟಿ” ಎಂದಷ್ಟೇ ಅಂದರು.

ಮೂರನೆಯದು ಭೂತಕಾಂಡ. ಪ್ಯಾಸೇಜಿನ ದೀಪ ಆರಿಸಿದರೂ ನಸುವಾಗಿ ಉರಿಯುತ್ತಿತ್ತು. ಹಳೆಯ ವೈರಿಂಗಿನಲ್ಲಿ ಬರೀ ಸ್ವಿಚ್ಚುಗಳಿರುವ ಬೋರ್ಡಿಗೆ ಫೇಸ್ ಮಾತ್ರ ಬಂದಿರುತ್ತದೆ, ನ್ಯೂಟ್ರಲ್ ನೇರವಾಗಿ ದೀಪಕ್ಕೆ ಹೋಗಿರುತ್ತದೆ. ಸ್ಮಾರ್ಟ್ ಸ್ವಿಚ್ಚು ವೈಫೈಗೆ ಕಿವಿಗೊಟ್ಟು ಹಗಲೂ ರಾತ್ರಿ ಎಚ್ಚರವಾಗಿರಬೇಕು, ಅದಕ್ಕೂ ಕರೆಂಟು ಬೇಕು. ನ್ಯೂಟ್ರಲ್ ಇಲ್ಲದ ಕಡೆ ಅದು ಬಲ್ಬಿನ ಮೂಲಕವೇ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ. ಎಲ್‌ಇಡಿಗೆ ಅಷ್ಟು ಎಂಜಲು ಕರೆಂಟೂ ಸಾಕು, ಮಿಣಮಿಣ ಎನ್ನುತ್ತದೆ. ದೀಪಕ್ಕೆ ಸಮಾನಾಂತರವಾಗಿ ಒಂದು ಬೈಪಾಸ್ ಕೆಪಾಸಿಟರ್ ಹಾಕಿದರೆ, ಇಲ್ಲವೇ ಬೋರ್ಡಿಗೆ ನ್ಯೂಟ್ರಲ್ ಎಳೆದರೆ ಸರಿಹೋಗುತ್ತದೆ. ಆದರೆ ತಾಯಿಯವರು ಬಿಡಲಿಲ್ಲ. “ಇರ್ಲಿ ಬಿಡೋ, ಜೀರೋ ಬಲ್ಬಿನ ಖರ್ಚು ಉಳೀತು.” ಹಳೆಯ ಜೀರೋ ಬಲ್ಬು ಹೆಸರಿಗೆ ಮಾತ್ರ ಜೀರೋ, ಕುಡಿಯುತ್ತಿದ್ದದ್ದು 12ರಿಂದ 15 ವ್ಯಾಟ್. ಹಾಗಾಗಿ ರಾಯರು ಇಷ್ಟು ಖರ್ಚು ಮಾಡಿದ್ದರಲ್ಲಿ ನಿಜವಾಗಿ ಉಳಿತಾಯವಾದದ್ದು ಈ ದೋಷವೊಂದರಿಂದಲೇ.

ಇಷ್ಟಾದರೂ ರಾಯರು ಸುಮ್ಮನಾಗುವವರಲ್ಲ. ಈಗ ಬೆಡ್‌ರೂಮಿಗೆ ಬಣ್ಣ ಬದಲಿಸುವ ಸ್ಮಾರ್ಟ್ ಬಲ್ಬು ತಂದು ಸ್ಮಾರ್ಟ್ ಡಿಮ್ಮರಿಗೇ ಸಿಕ್ಕಿಸಿದ್ದಾರೆ. ಬಲ್ಬು ತಾನೇ ಮಂದವಾಗಬಲ್ಲದು, ಡಿಮ್ಮರೂ ಅದನ್ನು ಮಂದ ಮಾಡಹೊರಡುತ್ತದೆ. ಒಂದೇ ಸಾರಿಗೆ ಅತ್ತೆ ಸೊಸೆ ಇಬ್ಬರೂ ಉಪ್ಪು ಹಾಕಿದ ಕತೆ. ಇದರ ಮೇಲೆ, ನಡುರಾತ್ರಿ ಕರೆಂಟು ಹೋಗಿ ಬಂದರೆ ಬಲ್ಬು ತಾನಾಗಿ ಪೂರ್ತಿ ಪ್ರಕಾಶದಲ್ಲಿ ಹತ್ತಿಕೊಳ್ಳುತ್ತದೆ. ಕರೆಂಟು ಬಂದಾಗ ಮೊದಲಿನ ಸ್ಥಿತಿಯಲ್ಲೇ ಇರು ಎಂದು ಹೇಳುವ ಆಯ್ಕೆ ಆ್ಯಪಿನಲ್ಲೇ ಇದೆ. ಎಲ್ಲದಕ್ಕೂ ಆ್ಯಪಿನಲ್ಲಿ ಪರಿಹಾರ ಹುಡುಕುವ ರಾಯರು ಇದೊಂದಕ್ಕೆ ಮಾತ್ರ ಇನ್ವರ್ಟರ್ ಕಂಪನಿಗೆ ಫೋನ್ ಮಾಡಿದ್ದಾರೆ.

ಓದುಗರಲ್ಲಿ ವಿನಂತಿ ಇಷ್ಟೇ. ಬಲ್ಬಿನ ಡಬ್ಬದ ಮೇಲೆ ‘ಡಿಮ್ಮಬಲ್’ ಎಂದಿದೆಯೇ ನೋಡಿ. ಡಿಮ್ಮರಿನ ಕನಿಷ್ಠ ಲೋಡ್ ಎಷ್ಟೆಂದು ಓದಿ, ಬಲ್ಬುಗಳ ವ್ಯಾಟ್ ಕೂಡಿಸಿ. ಒಂದೇ ಸ್ವಿಚ್ಚಿಗೆ ನಾಲ್ಕು ಕಂಪನಿಯ ಬಲ್ಬು ಬೆರೆಸಬೇಡಿ. ತೀರ ಕೆಳಗಿಳಿಸಿದಾಗ ಮಿಟುಕಿದರೆ ಆ್ಯಪಿನಲ್ಲಿ ಕನಿಷ್ಠ ಬೆಳಕಿನ ಮಟ್ಟವನ್ನು ಸ್ವಲ್ಪ ಏರಿಸಿ. ಸ್ಮಾರ್ಟ್ ಬಲ್ಬಿಗೆ ಮಾಮೂಲಿ ಸ್ವಿಚ್ಚೇ ಸಾಕು. ಇಷ್ಟು ಮಾಡಿಯೂ ಸರಿಹೋಗದಿದ್ದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ರಾಯರನ್ನು ಕರೆಯುವ ಅಗತ್ಯವಿಲ್ಲ, ನಿಮ್ಮ ಕಿಟಕಿ ಮಿಟುಕಿದ್ದು ಕಂಡರೆ ಅವರು ತಾವಾಗಿಯೇ ಬರುತ್ತಾರೆ.