ರಿಜೆಕ್ಟ್ ಮಾಲಿಗೆ ಗ್ಯಾರಂಟಿ

(ಅತನೂರ. ಮೊಬೈಲ್ ರಿಪೇರಿ ಅಂಗಡಿ. ಬೋರ್ಡಿನ ಮೇಲೆ 'ಕಂಪನಿ ಮಾಲು' ಎಂದಿದೆ. ಯಾವ ಕಂಪನಿ ಎಂದು ಬರೆಯಲು ಜಾಗ ಸಾಲಲಿಲ್ಲ.)

ಕಾಕಾ: ತಮ್ಮಾ, ಈ ಚಾರ್ಜರ್ ಇಷ್ಟು ಸೋವಿ ಯಾಕ?

ಅಂಗಡಿಯವ: ಫ್ಯಾಕ್ಟರಿ ರಿಜೆಕ್ಟ್ ರೀ ಕಾಕಾ. ಪರೀಕ್ಷಾದಾಗ ಫೇಲ್.

ಕಾಕಾ: ಫೇಲಾದದ್ದು ಒಡದು ಹಾಕಬೇಕಲ್ಲೋ?

ಅಂಗಡಿಯವ: ಕಾಯ್ದೆ ಹಂಗೇ ಅದ ರೀ. 2022ರ ಇ-ತ್ಯಾಜ್ಯ ನಿಯಮ, 2023ರ ಏಪ್ರಿಲ್ 1ರಿಂದ ಜಾರಿ. ಫ್ಯಾಕ್ಟರಿ ರಿಜೆಕ್ಟೂ ಇ-ತ್ಯಾಜ್ಯನೇ. ನೋಂದಣಿ ಇದ್ದವ್ರಿಗೇ ಕೊಡಬೇಕು. ಬೆಂಗಳೂರ ಹತ್ರ ದಾಬಸ್‌ಪೇಟೆ ಕಡೆ 'ಇ-ಪರಿಸರ' ಅನ್ನೋ ಕಂಪನಿ 2005ರಿಂದ ಇ-ತ್ಯಾಜ್ಯ ಒಡಿಯೋ ಕೆಲಸ ಮಾಡ್ತದ.

ಕಾಕಾ: ಇದು ದಾಬಸ್‌ಪೇಟೆ ಹಾದಿ ತಪ್ಪಿ ಅತನೂರಿಗೆ ಬಂತೇನು?

ಅಂಗಡಿಯವ: ನಡುವ ಗುಜರಿಯವ ಸಿಕ್ಕ ನೋಡ್ರಿ. ಕಿಲೋ ಲೆಕ್ಕದಾಗ ತಗೊಂಡ. ತಾಮ್ರ ಬರೋದನ್ನ ಸುಟ್ಟ, ಬಂಗಾರ ಬರೋದನ್ನ ಆ್ಯಸಿಡ್‌ನಾಗ ಹಾಕ್ದ. ಎರಡೂ ಬರದಿದ್ದಕ್ಕ ಹೊಸ ಡಬ್ಬಿ ಹಾಕಿ ನಮಗ ಕಳಿಸ್ದ.

ಕಾಕಾ: ಹೊಗಿ ಗುಜರಿಯವಗ, ಡಬ್ಬಿ ನಮಗ! ಖರೀದಿ ಕೇಂದ್ರದಾಗ ನನ್ನ ತೊಗರಿ ಹಸಿ ಅದ ಅಂತ ರಿಜೆಕ್ಟ್ ಮಾಡಿದ್ರಲ್ಲಾ, ನಾನೂ ಡಬ್ಬಿ ಹಾಕಿ ಬೆಂಗಳೂರಿಗೆ ಕಳಿಸ್ಲೇನು?

ಅಂಗಡಿಯವ: ಛೇ, ಅದು ಮೋಸ ಆಗ್ತದ ರೀ.

ಕಾಕಾ: ಇದಕ್ಕ ಗ್ಯಾರಂಟಿ?

ಅಂಗಡಿಯವ: ಅದ ರೀ! ಕೆಟ್ಟದ್ದು ಅಂತ ಫ್ಯಾಕ್ಟರಿಯವ್ರೇ ಪರೀಕ್ಷಾ ಮಾಡಿ ಗ್ಯಾರಂಟಿ ಕೊಟ್ಟಾರ.