ದ್ವಿಚಕ್ರ ನಿರ್ಣಯ: ಉಡುಪಿ ಸೀಮೆಯ ಬಡ ಸವಾರನಿಗೊಂದು ಭಾಷ್ಯ

ಏರಿದ್ದಲ್ಲಿ ಗೇರು, ಮಳೆಯಿದ್ದಲ್ಲಿ ಮಡ್‌ಗಾರ್ಡು, ಮಿಕ್ಕದ್ದು ಅಂಗಡಿಯವನ ಮಾತು.

ಇದು ಮೂಲಸೂತ್ರ. ಸೂತ್ರಕಾರರೂ ನಾವೇ, ಭಾಷ್ಯಕಾರರೂ ನಾವೇ ಆದುದರಿಂದ ಇಬ್ಬರೊಳಗೆ ಜಗಳಕ್ಕೆ ಆಸ್ಪದ ಕಡಿಮೆ. ಆದರೂ ಉಡುಪಿಯ ನೆಲದಲ್ಲಿ ನಿಂತುಕೊಂಡು ಪೂರ್ವಪಕ್ಷವನ್ನೇ ಕೇಳದೆ ಸಿದ್ಧಾಂತಕ್ಕೆ ಹಾರುವುದು ಮರ್ಯಾದೆಯಲ್ಲ.

ಪೂರ್ವಪಕ್ಷ: ಒಂದರ ಬಾಲ ಹಿಡಿದು ಇನ್ನೊಂದು ಸಿಟಿ ಬಸ್ಸು ಮಣಿಪಾಲಕ್ಕೆ ಓಡುತ್ತಿರುವಾಗ, ಕಾಪು ಕಾರ್ಕಳಗಳಿಗೆ ಸರ್ವಿಸೂ ಎಕ್ಸ್‌ಪ್ರೆಸ್ಸೂ ಇರುವಾಗ, ಸೈಕಲ್ ಯಾಕೆ? ಸಮಾಧಾನ: ಬಸ್ಸು ಸ್ಟಾಪಿನವರೆಗೆ ಮಾತ್ರ ಕರೆದೊಯ್ಯುತ್ತದೆ. ಅಲ್ಲಿಂದ ಆಫೀಸಿನ ಬಾಗಿಲವರೆಗೆ ಉಳಿದ ದಾರಿಗೆ ರಿಕ್ಷಾದವರು ಹೇಳುವ ದರವನ್ನು ಕೇಳಿದ ಕ್ಷಣವೇ ಜೀವನಿಗೆ ವೈರಾಗ್ಯ ಹುಟ್ಟುತ್ತದೆ. ವೈರಾಗ್ಯ ಹುಟ್ಟಿದವನೇ ಈ ಶಾಸ್ತ್ರಕ್ಕೆ ಅಧಿಕಾರಿ.

ಇನ್ನು ಗೇರಿನ ಪ್ರಕರಣ. ಇದರಲ್ಲಿ ಮತಗಳು ಮುಖ್ಯವಾಗಿ ಎರಡು. 28 ಇಂಚು ಚಕ್ರದ, ರಾಡ್ ಬ್ರೇಕಿನ ಕರಿ ಸೈಕಲ್ಲಿನವರು ಏಕಗೇರ್ ವಾದಿಗಳು. ಏರು, ಇಳಿತ, ಸಮತಟ್ಟು ಎಂಬ ಭೇದವೆಲ್ಲ ಬರೀ ತೋರಿಕೆ, ತುಳಿಯುವುದೊಂದೇ ನಿಜ ಎನ್ನುತ್ತಾರೆ. ಘಟ್ಟದ ಮೇಲೆ ಶೃಂಗೇರಿಯ ಕಡೆಗೆ ಮುಖ ಮಾಡಿದ ಮತವಿದು. ಆ ಘಟ್ಟವನ್ನು ಈ ಸೈಕಲ್ಲಿನಲ್ಲಿ ಹತ್ತಿದವರನ್ನು ಮಾತ್ರ ನಾವು ಕಂಡಿಲ್ಲ. ಎದುರು ಪಕ್ಷ ಬಹುಗೇರ್ ವಾದಿಗಳದ್ದು. ಅವರ ಪ್ರಕಾರ ಭೇದ ಸತ್ಯ, ಏರು ಸತ್ಯ, ಮೊಣಕಾಲಿನ ನೋವು ಪರಮ ಸತ್ಯ, ಮತ್ತು ಗೇರುಗಳೊಳಗೆ ತಾರತಮ್ಯವುಂಟು. ಮಧ್ವಾಚಾರ್ಯರು ಹುಟ್ಟಿದ ಪಾಜಕ ಇಷ್ಟು ಹತ್ತಿರವಿರುವ ಊರಿನಲ್ಲಿ ಈ ಪಕ್ಷ ಗೆಲ್ಲುವುದು ಆಶ್ಚರ್ಯವಲ್ಲ.

ಆದರೆ ನಾವು ಲೆಕ್ಕವನ್ನೂ ನೋಡಿದ್ದೇವೆ. ಕರಿ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗಲೇಬೇಕು, ನಿಮಗೆ ತಾಕತ್ತಿರಲಿ ಇಲ್ಲದಿರಲಿ. 21 ಗೇರಿನ ಅಗ್ಗದ ಸೈಕಲ್ಲಿನಲ್ಲಿ ಮುಂದೆ 24, ಹಿಂದೆ 28ಕ್ಕೆ ಚೈನು ಕೂರಿಸಿದರೆ ಅದೇ ಒಂದು ಸುತ್ತಿಗೆ ಒಂದೂಮುಕ್ಕಾಲು ಮೀಟರ್. ಅಂದರೆ ಒಂದೊಂದು ತುಳಿತದ ಭಾರ ಮೂರರಲ್ಲಿ ಒಂದು ಪಾಲಿಗಿಳಿಯಿತು. ಇಂದ್ರಾಳಿಯ ರೈಲ್ವೆ ಸೇತುವೆ ದಾಟಿ ಲಕ್ಷ್ಮೀಂದ್ರನಗರದತ್ತ ಏರುವಾಗ, ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನು ಕಿವಿಯ ಬುಡಕ್ಕೇ ಬಂದಿರುವಾಗ, ಈ ಭಿನ್ನರಾಶಿಯ ಬೆಲೆ ತಿಳಿಯುತ್ತದೆ.

ಶ್ರಮದ ಬಗ್ಗೆ ಒಂದು ಉಪಭಾಷ್ಯ. ಸವಾರ, ಸೈಕಲ್, ಟಿಫಿನ್ ಡಬ್ಬಿ ಎಲ್ಲ ಸೇರಿ 85 ಕಿಲೋ, ಏರು 60 ಮೀಟರ್ ಎಂದಿಟ್ಟುಕೊಳ್ಳಿ. ಭೂಮಿಯ ಸೆಳೆತವನ್ನು ಗೆಲ್ಲಲು ಬೇಕಾದದ್ದು 12 ಕಿಲೋಕ್ಯಾಲೊರಿ. ದೇಹದ ದಕ್ಷತೆ ಕಾಲು ಪಾಲೆಂದರೂ 48. ಒಂದು ಗೋಳಿಬಜೆಯೊಳಗೆ ಮುಗಿಯುವ ವ್ಯವಹಾರ. ಮಣಿಪಾಲ ತಲುಪಿದ ಸವಾರ ನಾಲ್ಕು ತಿನ್ನುತ್ತಾನೆ ಎಂಬುದು ಬೇರೆ ಮಾತು.

ಕಾರ್ಕಳದವರು ಈ ವಾದದಲ್ಲಿ ಯಾವ ಪಕ್ಷವನ್ನೂ ಪೂರ್ತಿ ಒಪ್ಪುವುದಿಲ್ಲ. ಒಂದು ರೀತಿಯಲ್ಲಿ ಗೇರು ಬೇಕು, ಒಂದು ರೀತಿಯಲ್ಲಿ ಬೇಡ, ಒಂದು ರೀತಿಯಲ್ಲಿ ಹೇಳಲು ಬಾರದು ಎಂದು ಜೈನರ ಸಪ್ತಭಂಗಿಯನ್ನೇ ಹೂಡುತ್ತಾರೆ. ಅಗ್ಗದ ಗೇರ್ ಸೈಕಲ್ಲುಗಳ ಹಿಂದಿನ ಚಕ್ರದಲ್ಲಿ ಸರಿಯಾಗಿ ಏಳೇ ಹಲ್ಲುಚಕ್ರಗಳಿರುವುದನ್ನು ಅವರು ಕಾಕತಾಳೀಯವೆಂದು ಒಪ್ಪಲು ತಯಾರಿಲ್ಲ. 1586ರ ಚತುರ್ಮುಖ ಬಸದಿಯ ನಾಲ್ಕು ಬಾಗಿಲುಗಳಲ್ಲಿ ಯಾವುದರಿಂದ ಹೊರಟರೂ ಮೊದಲು ಇಳಿತ, ಆಮೇಲೆ ಏರು. ಎದುರಿನ ಬಂಡೆಯ ಮೇಲೆ 42 ಅಡಿ ಎತ್ತರದ ಬಾಹುಬಲಿ 1432ರಿಂದ ನಿಂತಲ್ಲೇ ನಿಂತಿದ್ದಾನೆ. ಕಾರ್ಕಳದ ರಸ್ತೆಗಳನ್ನು ಮೇಲಿನಿಂದ ನೋಡಿದವನ ನಿರ್ಧಾರವಿದು; ನಾವು ಗೌರವಿಸಬೇಕು.

ಕಾಪುವಿಗೆ ಗೇರೇ ಬೇಡ. ನೆಲ ಸಪಾಟು. ಕಟಪಾಡಿ, ಉದ್ಯಾವರ ದಾಟಿ ಉಡುಪಿಯವರೆಗೂ ಹೇಳಿಕೊಳ್ಳುವಂಥ ಏರಿಲ್ಲ. ಅಲ್ಲಿಯ ಶತ್ರು ಎರಡು: ಹೆದ್ದಾರಿ 66ರ ಸರ್ವಿಸ್ ರೋಡಿನಲ್ಲಿ ಎದುರಿನಿಂದ ಬರುವ ಸ್ಕೂಟರು, ಮತ್ತು ಉಪ್ಪು. 1901ರ ದೀಪಸ್ತಂಭಕ್ಕೆ ಬಣ್ಣ ಬಳಿಯುವವರಿದ್ದಾರೆ, ನಿಮ್ಮ ಸೈಕಲ್ಲಿಗೆ ಯಾರು? ತುಕ್ಕು ಕಡ್ಡಿಗಳ ನಿಪ್ಪಲ್ಲನ್ನೂ ಬಿಡುವುದಿಲ್ಲ, ಸೀಟಿನ ಬೋಲ್ಟನ್ನೂ ಬಿಡುವುದಿಲ್ಲ, ಚೈನನ್ನೂ ಬಿಡುವುದಿಲ್ಲ. ಮನೆಯಲ್ಲಿ ಉಂಟೆಂದು ತೆಂಗಿನೆಣ್ಣೆ ಬಿಟ್ಟರೆ ಕಡಲತೀರದ ಮರಳೆಲ್ಲ ಅದಕ್ಕೇ ಅಂಟುತ್ತದೆ.

ಮಳೆಯ ಪ್ರಕರಣದಲ್ಲಿ ನಾವು ಹಾಸ್ಯ ಬಿಟ್ಟು ಮಾತಾಡುತ್ತೇವೆ. ಮೌಂಟನ್ ಬೈಕಿನ ವೇಷ ಹಾಕಿದ ಸೈಕಲ್ಲಿಗೆ ಮುಂದೆ ದಪ್ಪ ಸಸ್ಪೆನ್ಷನ್ ಇರುತ್ತದೆ, ಮಡ್‌ಗಾರ್ಡ್ ಇರುವುದಿಲ್ಲ, ಕ್ಯಾರಿಯರ್ ಕೇಳಿದರೆ ಅಂಗಡಿಯವನು ನಗುತ್ತಾನೆ. ಆ ಅಗ್ಗದ ಸಸ್ಪೆನ್ಷನ್ ಏರಿನಲ್ಲಿ ನೀವು ತುಳಿದದ್ದರಲ್ಲಿ ಒಂದು ಪಾಲನ್ನು ತಾನೇ ಕುಣಿದು ತಿನ್ನುತ್ತದೆ, ಮೇಲಿಂದ ತೂಕವೂ ಜಾಸ್ತಿ. ಜುಲೈ ತಿಂಗಳಲ್ಲಿ ಮಡ್‌ಗಾರ್ಡಿಲ್ಲದೆ ಹೊರಟವನು ಅಂಗಿಯ ಬೆನ್ನಿಗೆ ಕೆಸರಿನ ಊರ್ಧ್ವಪುಂಡ್ರ ಹಾಕಿಕೊಂಡೇ ಆಫೀಸು ಸೇರುತ್ತಾನೆ. ಹಾಗೆಂದು ಕರಿ ಸೈಕಲ್ಲೇ ಶ್ರೇಷ್ಠವೆಂದೂ ಅಲ್ಲ. ಒದ್ದೆಯಾದ ಉಕ್ಕಿನ ರಿಮ್ಮನ್ನು ರಬ್ಬರು ಹಿಡಿಯುವುದಿಲ್ಲ. ಮಣಿಪಾಲದಿಂದ ಇಂದ್ರಾಳಿಗೆ ಇಳಿಯುವಾಗ ರಾಡ್ ಬ್ರೇಕನ್ನು ನಂಬುವುದು ಸದ್ಯೋಮುಕ್ತಿಯ ಮಾರ್ಗ. ಅಲ್ಯೂಮಿನಿಯಂ ರಿಮ್, ಗಟ್ಟಿ ಫೋರ್ಕು, ಏಳು ಗೇರು, ಎರಡೂ ಚಕ್ರಕ್ಕೆ ಮಡ್‌ಗಾರ್ಡು. ಇಷ್ಟೇ ಸಿದ್ಧಾಂತ.

ಪಂಕ್ಚರಿನ ವಿಷಯದಲ್ಲಿ ಮಾಧ್ವರಂತೆ ನಾವೂ ಮೂರೇ ಪ್ರಮಾಣಗಳನ್ನು ಒಪ್ಪುತ್ತೇವೆ. ಬೆಳಗ್ಗೆ ಚಕ್ರ ನೆಲ ಕಚ್ಚಿದ್ದು ಅನುಮಾನ. ‘ನಿನ್ನೆಯೇ ಸುಯ್ ಅಂತಿತ್ತು’ ಎಂಬ ಪಕ್ಕದ ಮನೆಯವರ ಮಾತು ಆಗಮ. ಬೋಗುಣಿಯ ನೀರಿನಲ್ಲಿ ಟ್ಯೂಬ್ ಮುಳುಗಿಸಿದಾಗ ಸಾಲಾಗಿ ಏಳುವ ಗುಳ್ಳೆ ಪ್ರತ್ಯಕ್ಷ. ಗೇರ್ ಸೈಕಲ್ಲುಗಳಿಗೆ ಹೆಚ್ಚಾಗಿ ಕಾರಿನಂಥದೇ ವಾಲ್ವು, ಪೆಟ್ರೋಲ್ ಬಂಕಿನಲ್ಲಿ ಗಾಳಿ ಸಿಗುತ್ತದೆ. ಕರಿ ಸೈಕಲ್ಲಿನ ವಾಲ್ವಿನೊಳಗೆ ಎಳೆಯ ಹುರುಳಿಕೋಡಿನಂಥ ಪುಟ್ಟ ರಬ್ಬರ್ ಕೊಳವೆಯೊಂದಿರುತ್ತದೆ. ಅದು ಹರಿದ ದಿನ ಬಂಕಿನವನೂ ಕೈ ಚೆಲ್ಲುತ್ತಾನೆ.

ಕೊನೆಗೆ ಹಣ. ಕರಿ ಸೈಕಲ್ಲಿಗೆ ಏಳು ಸಾವಿರ ಎಂದು ಹಿಡಿಯೋಣ. ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೆ ಸಾಕಿತ್ತು. ಅದೇ ಶ್ರದ್ಧೆಯಿಂದ ಇವತ್ತೂ ಎರಡೆರಡಾಣೆ ಕಟ್ಟುತ್ತ ಬಂದರೆ 56,000 ದಿನಗಳಲ್ಲಿ, ಅಂದರೆ 153 ವರ್ಷಗಳಲ್ಲಿ, ಸೈಕಲ್ ನಿಮ್ಮದು. ಅಷ್ಟರೊಳಗೆ ಅಷ್ಟಮಠಗಳಿಗೆ ತಲಾ ಒಂಬತ್ತು ಪರ್ಯಾಯ ಬಂದು ಹೋಗಿರುತ್ತದೆ. ನಿರಾಶೆ ಬೇಡ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಏಳು ಸಾವಿರದಲ್ಲಿ ಹಳೆಯ ತೆರಿಗೆಯೂ ಸೇರಿತ್ತೆಂದರೆ ಒಂಬತ್ತೂವರೆ ವರ್ಷ ಬೇಗ ಸಿಗುತ್ತದೆ. ಆ ಬ್ಯಾಂಕೇ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದುದರಿಂದ ಪಾಸ್‌ಬುಕ್ ಬದಲಾಯಿಸಲು ಒಂದು ದಿನ ಕೂಡಿಸಿಕೊಳ್ಳಿ.

ಅಷ್ಟು ಕಾಯಲಾರದವರಿಗೆ ಸೆಕೆಂಡ್ ಹ್ಯಾಂಡ್ ಪ್ರಕರಣವುಂಟು. ಸರಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಲ್ಲಿ ಕೆಲವು ಈಗಲೂ ನಮ್ಮ ಹಟ್ಟಿ, ಕೊಟ್ಟಿಗೆಗಳಲ್ಲಿವೆ. ಮುಂದಿನ ಬುಟ್ಟಿಯಲ್ಲಿ ಕೋಳಿ ಮೊಟ್ಟೆಯಿಡುತ್ತದೆ, ಹ್ಯಾಂಡಲಿಗೆ ಹಗ್ಗ ನೇತು ಹಾಕಿದ್ದಾರೆ, ಚಕ್ರ ಮಾತ್ರ ಇನ್ನೂ ತಿರುಗುತ್ತದೆ. ಕೊಡುತ್ತೀರಾ ಎಂದು ಕೇಳಿ ನೋಡಿ. ‘ಅದು ಮಗಳದ್ದು ಮಾರಾಯ್ರೆ, ಅವಳಿಗೆ ಬೇಕಾಗ್ತದೆ’ ಎನ್ನುತ್ತಾರೆ. ಮಗಳು ದುಬೈಯಲ್ಲಿದ್ದಾಳೆ.