ಭಾನುವಾರದ ಬಡಗಿ

ಬೆಂಗಳೂರು, ಮೈಸೂರುಗಳಂಥ ನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಈಚಿನ ವರ್ಷಗಳಲ್ಲಿ ಹೇರಳವಾಗಿ ಕಾಣಿಸಿಕೊಳ್ಳುತ್ತಿರುವ ಗೃಹಸ್ಥರ ಒಂದು ಪ್ರಭೇದವನ್ನು, ಹೆಚ್ಚು ಸೂಕ್ತವಾದ ಹೆಸರು ಸಿಗುವವರೆಗೆ, ಭಾನುವಾರದ ಬಡಗಿ ಎಂದು ಕರೆಯಬಹುದು. ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕೂತು, ಆರನೆಯ ದಿನ ಮರಗೆಲಸದ ವಿಡಿಯೋಗಳನ್ನು ನೋಡಿ, ಏಳನೆಯ ದಿನ ಕೆಳಮನೆಯವರ ಮಧ್ಯಾಹ್ನದ ನಿದ್ದೆ ಕೆಡಿಸುವ ಈತನನ್ನು ಕುಲಕಸುಬಿನ ಬಡಗಿಯೊಂದಿಗೆ, ಅಂದರೆ ತಂದೆಯ ಪಕ್ಕದಲ್ಲಿ ಕೂತು ಉಳಿಗೆ ಸಾಣೆ ಹಿಡಿಯುವುದನ್ನೇ ವರ್ಷಗಟ್ಟಲೆ ಕಲಿತು ಆಚಾರಿ ಎನ್ನಿಸಿಕೊಂಡವನೊಂದಿಗೆ, ಬೆರೆಸಿ ನೋಡಬಾರದು. ಈತನ ಏಳಿಗೆಯಲ್ಲಿ ಮೊದಲು ಚಪ್ಪಲಿ ಸ್ಟ್ಯಾಂಡು, ಆಮೇಲೆ ಗೋಡೆಗೆ ಬಡಿದ ಪುಸ್ತಕದ ಹಲಗೆ ಬರುತ್ತವೆ. ಇವೆರಡೂ ಬೀಳದೆ ಉಳಿದರೆ ಮೂರನೆಯ ಮೆಟ್ಟಿಲಲ್ಲಿ ಮಂಚ ಕಾದಿರುತ್ತದೆ. ರೋಗದ ಮೊದಲ ಲಕ್ಷಣ ಪೀಠೋಪಕರಣದ ಅಂಗಡಿಯಲ್ಲೇ ಪ್ರಕಟವಾಗುತ್ತದೆ: ಹೆಂಡತಿ ಮೆಚ್ಚಿ ನಿಂತ ಮಂಚದ ತಲೆದೆಸೆಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿ, ಬೆಲೆಚೀಟಿಯನ್ನು ತಿರುಗಿಸಿ ನೋಡಿ, "ಇದು ಬರೀ ಪ್ಲೈವುಡ್ಡು ಕಣೇ, ಇದನ್ನ ನಾನೇ ಮಾಡ್ತೀನಿ" ಎಂದು ಆತ ಅಂಗಡಿಯವನಿಗೂ ಕೇಳುವಂತೆ ಘೋಷಿಸುತ್ತಾನೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡ ಗಂಡಸು ಇದುವರೆಗೆ ಕಂಡುಬಂದಿಲ್ಲ.

ಈತ ಕೈಗೆತ್ತಿಕೊಳ್ಳುವುದು ಇಡೀ ಮಂಚವನ್ನಲ್ಲ. ಮದುವೆಯ ಕಾಲದಲ್ಲಿ ಕೊಂಡ ಬೋಳು ಮಂಚವೊಂದು ಮನೆಯಲ್ಲಿ ಇದ್ದೇ ಇರುತ್ತದೆ. ಅದಕ್ಕೆ ತಲೆದೆಸೆಯ ಹಲಗೆಯನ್ನೂ ಕಾಲ್ದೆಸೆಯ ಹಲಗೆಯನ್ನೂ ಜೋಡಿಸುವುದು ಯೋಜನೆ. ತಲೆದೆಸೆಯ ಹಲಗೆಯೆಂದರೆ ದಿಂಬಿನ ಹಿಂದೆ ಗೋಡೆಗೆ ಒರಗಿ ನಿಲ್ಲುವ, ಸಾಮಾನ್ಯವಾಗಿ ಮೂರೂವರೆ ನಾಲ್ಕು ಅಡಿ ಎತ್ತರದ ಭಾಗ. ದಿಂಬು ಜಾರದಂತೆಯೂ, ಎಣ್ಣೆ ಹಚ್ಚಿದ ತಲೆಯ ಗುರುತು ಗೋಡೆಯ ಬಣ್ಣಕ್ಕೆ ತಗಲದಂತೆಯೂ ಅದು ಕಾಯುತ್ತದೆ. ಕಾಲ್ದೆಸೆಯ ಹಲಗೆ ಅದರ ಅರ್ಧದಷ್ಟು ಎತ್ತರದ್ದು, ಹೊದಿಕೆ ಜಾರುವುದನ್ನು ತಡೆಯುವಂಥದ್ದು. ಅಂಗಡಿಗಳಲ್ಲಿ ಇವನ್ನು ಹೆಡ್‌ಬೋರ್ಡು, ಫುಟ್‌ಬೋರ್ಡು ಎನ್ನುತ್ತಾರೆ. ಆದರೆ ಫುಟ್‌ಬೋರ್ಡ್ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ನಿಂತು ಪ್ರಯಾಣಿಸಬಾರದೆಂದು ಬರೆದಿರುವ, ಎಲ್ಲರೂ ನಿಂತೇ ಪ್ರಯಾಣಿಸುವ ಬಸ್ಸಿನ ಮೆಟ್ಟಿಲಾದ್ದರಿಂದ ಇಲ್ಲಿ ಕನ್ನಡದ ಹೆಸರನ್ನೇ ಇಟ್ಟುಕೊಳ್ಳಲಾಗಿದೆ. ನಾಲ್ಕು ಕಾಲು, ನಾಲ್ಕು ಪಟ್ಟಿ, ನಡುವೆ ಬಿಗಿದ ನವಾರು ಇಷ್ಟರಲ್ಲೇ ತಲೆಮಾರುಗಳು ಸುಖವಾಗಿ ಮಲಗಿ ಎದ್ದ ನಾಡಿನಲ್ಲಿ ಈ ಎರಡು ಹಲಗೆಗಳಿಲ್ಲದೆ ನಿದ್ದೆಯೇ ಬಾರದೆಂದು ವಾದಿಸುವುದು ಕಷ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕೂಡ ಇಂಥ ಹಲಗೆಯ ತಡೆಯಿಲ್ಲದ ಮಂಚವನ್ನು ಕಂಡವರಿಂದಲೇ ಬಂದಿರಬೇಕು. ತಡೆ ಇದ್ದಿದ್ದರೆ ಬುದ್ಧಿ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಶಾಸ್ತ್ರಾಧಾರವನ್ನು ಹುಡುಕುವುದು ಈ ವರ್ಗದವರ ದೌರ್ಬಲ್ಯ, ಮತ್ತು ಆಧಾರ ಸಿಗುತ್ತದೆ ಎಂಬುದು ಅವರ ಮನೆಯವರ ದೌರ್ಭಾಗ್ಯ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮಂಚ ಮತ್ತು ಆಸನಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವಿದ್ದು, ಹೊಟ್ಟು ತೆಗೆದ ಎಂಟು ಜವೆಯ ಕಾಳುಗಳನ್ನು ಒತ್ತೊತ್ತಾಗಿ ಇಟ್ಟರೆ ಆಗುವ ಅಗಲವನ್ನು ಒಂದು ಅಂಗುಲವೆಂದು ಹಿಡಿದು, ರಾಜನ ಮಂಚಕ್ಕೆ 100, ರಾಜಪುತ್ರನದಕ್ಕೆ 90, ಮಂತ್ರಿಯದಕ್ಕೆ 84, ಸೇನಾಪತಿಯದಕ್ಕೆ 78, ಪುರೋಹಿತನದಕ್ಕೆ 72 ಅಂಗುಲ ಉದ್ದವನ್ನು ಅಲ್ಲಿ ವಿಧಿಸಲಾಗಿದೆ. ಅಂಗುಲಕ್ಕೆ ಮುಕ್ಕಾಲು ಇಂಚಿನ ಲೆಕ್ಕ ಹಾಕಿದರೆ ರಾಜನ ಮಂಚ 75 ಇಂಚು, ಅಂದರೆ ಇವತ್ತು ಅಂಗಡಿಯಲ್ಲಿ ಸಿಗುವ ಹಾಸಿಗೆಯ ಉದ್ದಗಳಲ್ಲೊಂದು. ಪುರೋಹಿತನ ಪಾಲಿಗೆ ಬರುವುದು ನಾಲ್ಕೂವರೆ ಅಡಿ, ಅದರಲ್ಲಿ ಆತ ಕಾಲನ್ನು ಏನು ಮಾಡಿಕೊಳ್ಳಬೇಕೆಂಬುದು ಆತನಿಗೇ ಬಿಟ್ಟ ವಿಷಯ. ತನ್ನ ಹಾಸಿಗೆ ರಾಜಪ್ರಮಾಣದ್ದೆಂದು ಗೊತ್ತಾದ ದಿನದಿಂದ ಭಾನುವಾರದ ಬಡಗಿಯ ನಡಿಗೆಯೇ ಬದಲಾಗುತ್ತದೆ. ಇದೇ ಅಧ್ಯಾಯ ಸಿಡಿಲು, ಪ್ರವಾಹ, ಗಾಳಿ ಅಥವಾ ಆನೆ ಕೆಡವಿದ ಮರವನ್ನೂ, ಜೇನು ಕಟ್ಟಿದ, ಹಕ್ಕಿ ಗೂಡಿಟ್ಟ ಮರವನ್ನೂ ಮಂಚಕ್ಕೆ ಬಳಸಬಾರದೆಂದು ಎಚ್ಚರಿಸುತ್ತದೆಯಾದರೂ, ವಿದೇಶದಿಂದ ಯಂತ್ರಗಳು ಬಂದಿಳಿಯುವ ಪೆಟ್ಟಿಗೆಗಳನ್ನು ಒಡೆದು ಮಾರುವ ಪೈನ್ ಮರದ ಬಗ್ಗೆ ಏನನ್ನೂ ಹೇಳುವುದಿಲ್ಲ; ಈತ ಕೊಳ್ಳುವುದು ಅದನ್ನೇ.

ಮರದ ಆಯ್ಕೆಯಲ್ಲಿ ಈತ ಹೊರಡುವುದು ತೇಗದಿಂದ. ದಾಂಡೇಲಿಯ ತೇಗ, ಹೊನ್ನೆ, ಬೀಟೆ, ಹಲಸು ಎಂದು ಎರಡು ವಾರ ಮನೆಮಂದಿಗೆಲ್ಲ ಉಪನ್ಯಾಸ ಕೊಟ್ಟು, ಮೈಸೂರು ರಸ್ತೆಯ ಟಿಂಬರ್ ಡಿಪೋದಲ್ಲಿ ಘನ ಅಡಿಯೊಂದರ ಬೆಲೆ ಕೇಳಿ, ಮನೆಗೆ ಬಂದು ನೀರು ಕುಡಿದು, ಮೂರನೆಯ ವಾರ ಪೈನಿನ ತಾತ್ವಿಕ ಸೌಂದರ್ಯದ ಮೇಲೆ ಮಾತಾಡತೊಡಗುತ್ತಾನೆ. ಪೆಟ್ಟಿಗೆಯ ಪೈನ್ ಹಲಗೆಗಳ ಮೇಲೆ ಎಚ್.ಟಿ. ಎಂಬ ಅಕ್ಷರಗಳ ಮುದ್ರೆ ಹಲವು ಸಲ ಇರುತ್ತದೆ. ಹುಳುಹುಪ್ಪಟೆ ಗಡಿ ದಾಟದಂತೆ ಮರವನ್ನು ನಿಗದಿತ ಶಾಖದಲ್ಲಿ ಕಾಯಿಸಲಾಗಿದೆ ಎಂಬುದರ ಗುರುತು ಅದು. ಉಪ್ಪುಕಾಗದ, ಅಂದರೆ ಮರವನ್ನು ನಯಗೊಳಿಸುವ ಸ್ಯಾಂಡ್ ಪೇಪರ್, ಎಷ್ಟು ಉಜ್ಜಿದರೂ ಆ ಮುದ್ರೆ ಪೂರ್ತಿಯಾಗಿ ಹೋಗದೆ, ಮುಂದೆ ರಾತ್ರಿ ದಿಂಬು ಸರಿದಾಗಲೆಲ್ಲ ದಂಪತಿಗಳ ತಲೆಯ ನಡುವೆ ಮಂಕಾಗಿ ಕಾಣುತ್ತಿರುತ್ತದೆ.

ಹತಾರಗಳ ವಿಷಯದಲ್ಲಿ ಮಾತ್ರ ಇಂಥ ಜಿಪುಣತನವಿಲ್ಲ. ಎಸ್.ಜೆ.ಪಿ. ರಸ್ತೆಗೆ ಒಂದು ಶನಿವಾರ ಹೋದವನು ವಿದ್ಯುತ್ ಗರಗಸ, ಬೈರಿಗೆಯ ಕೆಲಸ ಮಾಡುವ ಡ್ರಿಲ್ಲು, ಮೂಲೆಮಟ್ಟ, ನೀರಿನ ಗುಳ್ಳೆಯಿಂದ ಸಮತಲ ತೋರಿಸುವ ರಸಮಟ್ಟ, ಅಂಟಿಸಿದ್ದನ್ನು ಹಿಡಿದಿಡುವ ಆರು ಕ್ಲ್ಯಾಂಪು, ಕಣ್ಣಿಗೆ ಗಾಜು, ಹದಿನಾಲ್ಕು ಜೇಬಿನ ಏಪ್ರನ್ ಇಷ್ಟನ್ನೂ ತಂದು ಊಟದ ಮೇಜಿನ ಮೇಲೆ ಹರಡುತ್ತಾನೆ. ಆ ಹೊತ್ತಿಗೆ ಖರ್ಚು ಅಂಗಡಿಯ ಮಂಚದ ಬೆಲೆಯನ್ನು ದಾಟಿರುತ್ತದೆ. ಆದರೆ ಹತಾರ ಜೀವಮಾನವಿಡೀ ಇರುವ ಆಸ್ತಿಯೆಂಬ ವಾದದಿಂದ ಆ ಲೆಕ್ಕವನ್ನು ಮುಚ್ಚಲಾಗುತ್ತದೆ. ಈತ ಮೊದಲು ಕರಗತ ಮಾಡಿಕೊಳ್ಳುವ ವಿದ್ಯೆಯೆಂದರೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವುದು. ಕನ್ನಡಕದ ಕಡ್ಡಿ ಆ ಜಾಗವನ್ನು ಮೊದಲೇ ಆಕ್ರಮಿಸಿರುವುದರಿಂದ ಪೆನ್ಸಿಲ್ ಬಗ್ಗಿದಾಗಲೆಲ್ಲ ಬೀಳುತ್ತದೆ, ಅದನ್ನು ಎತ್ತಿಕೊಡುವುದಕ್ಕೆ ಮನೆಯ ಚಿಕ್ಕ ಮಗುವನ್ನು ನೇಮಿಸಲಾಗುತ್ತದೆ.

ಅಳತೆಯ ವಿಷಯ ಸ್ವಲ್ಪ ವಿವರಣೆಯನ್ನು ಬೇಡುತ್ತದೆ. ಮೆಟ್ರಿಕ್ ಪದ್ಧತಿಯ ಕಾನೂನು ದೇಶದಲ್ಲಿ 1956ರಲ್ಲೇ ಬಂದಿದ್ದರೂ ಬಡಗಿಯ ಬಾಯಲ್ಲಿ ಇಂದಿಗೂ ಇರುವುದು ಅಡಿ, ಇಂಚು ಮತ್ತು ನೂಲು. ಇಂಚಿನ ಎಂಟನೆಯ ಒಂದು ಭಾಗಕ್ಕೆ ನೂಲು ಎಂದು ಹೆಸರು. ಭಾನುವಾರದ ಬಡಗಿ ಕಂಪ್ಯೂಟರಿನಲ್ಲಿ ಮಿಲಿಮೀಟರಿನಲ್ಲಿ ನಕ್ಷೆ ಬಿಡಿಸಿ, ಮರದಂಗಡಿಯಲ್ಲಿ ಅಡಿಯಲ್ಲಿ ಕೊಂಡು, ಕೊಯ್ಯುವಾಗ ಇಂಚಿನಲ್ಲಿ ಗುರುತು ಹಾಕಿ, ಮೂರರ ಸಂಗಮದಲ್ಲಿ ಮುಳುಗುತ್ತಾನೆ. ಇದಕ್ಕಿಂತ ಸೂಕ್ಷ್ಮವಾದ ಶತ್ರು ಗರಗಸದ ಹಲ್ಲು: ಅದು ಮರವನ್ನು ಎರಡಾಗಿಸುವುದಷ್ಟೇ ಅಲ್ಲ, ತನ್ನ ದಪ್ಪದಷ್ಟು ಮರವನ್ನು ಹೊಟ್ಟಾಗಿಸಿ ತಿಂದೂ ಬಿಡುತ್ತದೆ, ಮತ್ತು ಆ ದಪ್ಪ ವಿದ್ಯುತ್ ಗರಗಸಗಳಲ್ಲಿ ಸುಮಾರು ಎರಡರಿಂದ ಮೂರು ಮಿಲಿಮೀಟರ್, ಹೆಚ್ಚುಕಡಿಮೆ ಒಂದು ನೂಲು. ಆಚಾರಿ ಗೆರೆಯ ಯಾವ ಪಕ್ಕದಲ್ಲಿ ಕೊಯ್ಯಬೇಕೆಂಬುದನ್ನು ಯೋಚಿಸದೆಯೇ ತಿಳಿದಿರುತ್ತಾನೆ. ಈತ ಗೆರೆಯ ಮೇಲೆಯೇ ಕೊಯ್ಯುತ್ತಾನೆ, ಒಮ್ಮೆ ಈ ಪಕ್ಕಕ್ಕೂ ಒಮ್ಮೆ ಆ ಪಕ್ಕಕ್ಕೂ ಅಷ್ಟಷ್ಟು ವಾಲುತ್ತಾನೆ. ಹೀಗೆ ನಾಲ್ಕು ಕೊಯ್ತಗಳಾಗುವಷ್ಟರಲ್ಲಿ ತಲೆದೆಸೆಯ ಎರಡು ಕಂಬಗಳಿಗೆ ಅರ್ಧ ಇಂಚಿನ ವ್ಯತ್ಯಾಸ ಬಂದು, ಎತ್ತರದ್ದನ್ನು ಗಿಡ್ಡದ್ದಕ್ಕೆ ಸರಿದೂಗಿಸಲು ಕೊಯ್ದದ್ದು ಅದಕ್ಕಿಂತ ಗಿಡ್ಡವಾಗಿ, ಆಮೇಲೆ ಇನ್ನೊಂದನ್ನು ಕೊಯ್ದು, ನಾಲ್ಕು ಅಡಿಯೆಂದು ಹೊರಟ ತಲೆದೆಸೆ ಮೂರು ಅಡಿ ಏಳು ಇಂಚಿಗೆ ಬಂದು ನಿಂತಾಗ, ವಿನ್ಯಾಸವೇ ಹೀಗೆಂದು ನಕ್ಷೆಯನ್ನು ತಿದ್ದಲಾಗುತ್ತದೆ.

ಕಾರ್ಯಾಗಾರವು ಯುಟಿಲಿಟಿಯೆಂದು ಕರೆಯಲಾಗುವ, ಬಟ್ಟೆ ಒಗೆಯುವ ಯಂತ್ರವಿರುವ ಬಾಲ್ಕನಿ. ಅಲ್ಲಿ ಹಾರಿದ ಮರದ ಹೊಟ್ಟು ಒಗೆದ ಬಟ್ಟೆಯ ಮೇಲೂ, ಒಣಗಲಿಟ್ಟ ಸಂಡಿಗೆಯ ಮೇಲೂ ಕೂತು, ಆ ವರ್ಷದ ಸಂಡಿಗೆಗೆ ಕರಿದಾಗ ಒಂದು ಬಗೆಯ ಕಾಡಿನ ಘಮವನ್ನು ಕೊಡುತ್ತದೆ. ಹೆಂಡತಿಯ ಪಾತ್ರ ಹಲಗೆಯ ಇನ್ನೊಂದು ತುದಿ ಹಿಡಿಯುವುದು. ಒಲೆಯ ಮೇಲೆ ಹಾಲಿಟ್ಟು ಬಂದವಳನ್ನು "ಒಂದೇ ನಿಮಿಷ ಹಿಡ್ಕೊ" ಎಂದು ನಿಲ್ಲಿಸಿಕೊಂಡು ಪೆನ್ಸಿಲ್ ಹುಡುಕತೊಡಗುವುದು ಈ ವರ್ಗದ ಎಲ್ಲ ಸದಸ್ಯರಲ್ಲೂ ಸಮಾನವಾದ ನಡವಳಿಕೆ. "ರೀ, ಹಾಲು ಉಕ್ತಿದೆ" ಎಂಬ ಉತ್ತರವೂ ಅಷ್ಟೇ ಸಮಾನವಾದದ್ದು.

ನಿಜವಾದ ಅನರ್ಥ ನಡೆಯುವುದು ಅಂಟಿನಲ್ಲಿ. ಹಿಂದೆ ಆಚಾರಿಗಳು ಪ್ರಾಣಿಜನ್ಯವಾದ ಮರವಜ್ರವನ್ನು ಕಾಯಿಸಿ ಬಳಸುತ್ತಿದ್ದರು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಕಾಯಿಸುವ ರಗಳೆ ತಪ್ಪಿತು, ಜೊತೆಗೆ ಅಂಟಿಸುವ ಮುಂಚೆ ಯೋಚಿಸುವ ಅವಕಾಶವೂ ತಪ್ಪಿತೆಂದು ಕೆಲವರ ಮತ. ಮರ ಕಡಿದ ಮೇಲೂ ಉಸಿರಾಡುತ್ತದೆ ಎಂಬ ಮಾತಿನಲ್ಲಿ ಉತ್ಪ್ರೇಕ್ಷೆಯಿದ್ದರೂ ಅರ್ಥವಿದೆ: ಗಾಳಿಯ ತೇವವನ್ನು ಹೀರಿದಾಗ ಹಲಗೆ ಉದ್ದದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದು ಅಗಲದಲ್ಲಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದಕ್ಕಾಗಿಯೇ ಬಲ್ಲ ಬಡಗಿಗಳು ಚೌಕಟ್ಟಿನ ಒಳಮೈಯಲ್ಲಿ ಉದ್ದನೆಯ ತೋಡು ಕೊರೆದು, ನಡುವಿನ ಅಗಲ ಹಲಗೆಯನ್ನು ಅದರೊಳಗೆ ಅಂಟಿಲ್ಲದೆ, ಕೊಂಚ ಜಾಗ ಬಿಟ್ಟು ಕೂರಿಸುತ್ತಾರೆ. ಹಲಗೆ ಹಿಗ್ಗಲಿ ಕುಗ್ಗಲಿ, ಚೌಕಟ್ಟಿಗೆ ಅದರ ಗೊಡವೆಯಿಲ್ಲ. ಭಾನುವಾರದ ಬಡಗಿಗೆ ಈ ಸಡಿಲವು ಕೆಲಸಗಳ್ಳತನವೆಂದು ತೋರುತ್ತದೆ. ಏಪ್ರಿಲ್ಲಿನ ಒಣ ಬಿಸಿಲಿನಲ್ಲಿ ಆತ ತೋಡಿನ ತುಂಬ ಫೆವಿಕಾಲ್ ಸುರಿದು, ಮೇಲೆ ಸ್ಕ್ರೂ ಬಿಗಿದು, ಮಂಚದ ಪಕ್ಕದ ಪಟ್ಟಿಗಳನ್ನೂ ಕಂಬಗಳಿಗೆ ಅದೇ ಬಗೆಯಲ್ಲಿ ಶಾಶ್ವತವಾಗಿ ಸೇರಿಸಿ, ಆರು ಕ್ಲ್ಯಾಂಪು ಹಾಕಿ, ಫೋಟೋ ತೆಗೆದು ಬಂಧುಗಳ ವಾಟ್ಸಾಪ್ ಗುಂಪಿಗೆ ಕಳಿಸುತ್ತಾನೆ. ಮೃಗಶಿರಾ ಮಳೆ ಹಿಡಿದ ಮೇಲೆ ಒಂದು ರಾತ್ರಿ ತಲೆಯ ಹಿಂದೆ ಬಂದೂಕು ಸಿಡಿದಂಥ ಸದ್ದಾಗುತ್ತದೆ. ಹಿಗ್ಗಿದ ಹಲಗೆ ಚೌಕಟ್ಟಿನ ಮೂಲೆಯನ್ನು ಬಿಚ್ಚಿರುತ್ತದೆ.

ಆದರೂ ತಲೆದೆಸೆಯ ಹಲಗೆಗೆ ಒಂದು ಅನುಕೂಲವಿದೆ, ಮತ್ತು ಈ ಇಡೀ ಪ್ರಭೇದ ಬದುಕಿ ಉಳಿದಿರುವುದೇ ಆ ಅನುಕೂಲದಿಂದ. ಅದರ ಹಿಂದೆ ಗೋಡೆಯಿದೆ, ಮುಂದೆ ದಿಂಬುಗಳಿವೆ. ವಾಲಿದರೆ ಗೋಡೆ ಹಿಡಿಯುತ್ತದೆ, ಬಿರಿದರೆ ದಿಂಬು ಮುಚ್ಚುತ್ತದೆ. ಕಾಲ್ದೆಸೆಯ ಹಲಗೆ ಕೋಣೆಯ ನಡುವೆ ಬಯಲಿಗೆ ಬಿದ್ದು ನಿಂತಿರುವಂಥದ್ದು. ಅದರ ಮೂಲೆ ತೊಂಬತ್ತು ಡಿಗ್ರಿಯಲ್ಲ ಎಂಬುದನ್ನು ಮೂಲೆಮಟ್ಟವಿಲ್ಲದೆಯೇ ಮನೆಗೆಲಸದಾಕೆಯೂ ಕಂಡುಕೊಳ್ಳುತ್ತಾಳೆ, ಕತ್ತಲಲ್ಲಿ ನೀರಿಗೆ ಎದ್ದವರ ಮೊಣಕಾಲ ಕೆಳಗಿನ ಎಲುಬು ಇನ್ನೂ ಖಚಿತವಾಗಿ ಕಂಡುಕೊಳ್ಳುತ್ತದೆ. ಮಂಚದ ಒಂದು ಕಾಲು ನೆಲ ಮುಟ್ಟದೆ ಕುಂಟತೊಡಗಿದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳೆಂಬ ಗಾದೆಯನ್ನು ಅಕ್ಷರಶಃ ನಿಜ ಮಾಡುವಂತೆ, ಆತ ರಸಮಟ್ಟವನ್ನು ನೆಲದ ಮೇಲಿಟ್ಟು ಕಟ್ಟಡದ ಗುತ್ತಿಗೆದಾರನ ಅಪರಾಧವನ್ನು ಸಾಬೀತು ಮಾಡಿ, ಕಾಲಿನಡಿ ಮಡಚಿದ ಲಗ್ನಪತ್ರಿಕೆಯನ್ನು ತುರುಕುತ್ತಾನೆ. ಮಗ್ಗಲು ಬದಲಿಸಿದಾಗಲೆಲ್ಲ ಹೊರಡುವ ಕಿರ್ ಎಂಬ ಸದ್ದಿಗೆ ಮಾತ್ರ ಗುತ್ತಿಗೆದಾರನನ್ನು ಹೊಣೆ ಮಾಡಲಾಗುವುದಿಲ್ಲ. ಪಕ್ಕದ ಕೋಣೆಯ ಅತ್ತೆಯವರು ಬೆಳಗ್ಗೆ ಕಾಫಿಯ ಲೋಟದೊಳಗೆ ನೋಡುತ್ತ "ಈ ಮನೇಲಿ ಇಲಿ ಜಾಸ್ತಿ ಆಗಿದೆ" ಎಂದಷ್ಟೇ ಹೇಳುತ್ತಾರೆ.

ಅತಿಥಿಗಳ ಪಾಡು ಬೇರೆ. ಹಿಂದಿನ ಕಾಲದಲ್ಲಿ ಮಲಗುವ ಕೋಣೆಗೆ ಹೊರಗಿನವರನ್ನು ಕರೆಯುವ ರೂಢಿಯಿರಲಿಲ್ಲ. ಈ ಮನೆಯಲ್ಲಿ ಗೌರಿಗಣೇಶನ ಅರಿಸಿನ ಕುಂಕುಮಕ್ಕೆ ಬಂದವರೂ ಗಣೇಶನಿಗೆ ಕೈಮುಗಿಯುವ ಮುನ್ನವೇ ಮಂಚದ ದರ್ಶನ ಮುಗಿಸಬೇಕಾಗುತ್ತದೆ. ಹಲಗೆಯ ಮೇಲೆ ಅಂಗೈ ಆಡಿಸಿ ಚೆನ್ನಾಗಿದೆ ಎಂದವರ ಬೆರಳಿಗೆ ಪೈನಿನ ಸಿಬಿರು ಚುಚ್ಚಿದರೆ, ಅದು ಅಸಲಿ ಮರವೆಂಬುದಕ್ಕೆ ಪುರಾವೆಯೆಂದು ಆತ ಹೇಳುತ್ತಾನೆ.

ಈ ವೈಭವ ಬಾಡಿಗೆ ಕರಾರು ಮುಗಿಯುವವರೆಗೆ. ಮಂಚವೆಂಬುದು ಬಿಚ್ಚಲು ಬರಬೇಕಾದ ವಸ್ತುವೆಂಬ ಕಾರಣಕ್ಕೇ ಬಡಗಿಗಳು ಪಕ್ಕದ ಪಟ್ಟಿಗಳಿಗೆ ಬೆಣೆಯನ್ನೋ ಬೋಲ್ಟನ್ನೋ ಇಡುತ್ತಾರೆ, ಅಂಟು ಹಾಕುವುದಿಲ್ಲ. ಕೋಣೆಯ ಒಳಗೇ ಕಟ್ಟಿ ಅಂಟಿಸಿದ ಆರೂಕಾಲು ಅಡಿಯ ಮಂಚ ಮೂರಡಿ ಬಾಗಿಲಿನಿಂದ ಹೊರಬರುವುದಿಲ್ಲವೆಂಬುದು ಲಾರಿ ಕೆಳಗೆ ಬಂದು ನಿಂತ ಮೇಲೆ ತಿಳಿಯುತ್ತದೆ. ಆಗ ಆಚಾರಿಯನ್ನು ಕರೆಸಲಾಗುತ್ತದೆ. ಆತ ಮಂಚದ ಸುತ್ತ ಒಂದು ಸಲ ಬರುತ್ತಾನೆ, ತಲೆದೆಸೆಯ ಕಡೆ ಕಣ್ಣೆತ್ತಿಯೂ ನೋಡದೆ ಕಾಲ್ದೆಸೆಯ ಹಲಗೆಯನ್ನು ಹಿಡಿದು ಮೆಲ್ಲಗೆ ಅಲುಗಿಸುತ್ತಾನೆ, ಕೂತು ಒಂದು ಮೂಲೆಯನ್ನು ಬಹಳ ಹೊತ್ತು ದಿಟ್ಟಿಸುತ್ತಾನೆ.

"ಇದನ್ನ ಯಾರ ಕೈಲಿ ಮಾಡಿಸಿದ್ರಿ ಸಾರ್?"

ಸಾರ್ ಕಿಟಕಿಯ ಹೊರಗೆ ನೋಡುತ್ತ, "ನಮಗೆ ಗೊತ್ತಿಲ್ಲ ಆಚಾರ್ರೇ, ಹಿಂದೆ ಬಾಡಿಗೆಗಿದ್ದೋರು ಬಿಟ್ಟು ಹೋಗಿದ್ದು" ಎನ್ನುತ್ತಾನೆ. ಅಡುಗೆಮನೆಯಲ್ಲಿ ಪಾತ್ರೆ ಕಟ್ಟುತ್ತಿದ್ದ ಹೆಂಡತಿಗೆ ಆ ಹೊತ್ತಿಗೆ ಸರಿಯಾಗಿ ಕೆಮ್ಮು ಬರುತ್ತದೆ. ಆಚಾರಿ ಗರಗಸ ಹೊರತೆಗೆದು, ಗೆರೆಯ ಗೊಡವೆಗೂ ಹೋಗದೆ ಕೊಯ್ಯತೊಡಗುತ್ತಾನೆ. ಕಿವಿಯಲ್ಲಿರುವ ಪೆನ್ಸಿಲ್ ಬೀಳುವುದಿಲ್ಲ.